ಗಂಡ ಉಂಡ ತಾಟು

ಮದುವೆಯಾಗಿ ತಿಕೋಟಾಕ್ಕೆ ಬಂದ ದಿನ ಅತ್ತೆ ನನ್ನ ಕೈಗೆ ಕೊಟ್ಟ ಮೊದಲ ವಸ್ತು ಒಂದು ಎಂಜಲು ತಾಟು. ಕಂಚಿನದು, ಅಂಚಿನಲ್ಲಿ ಒಂದು ಕಡೆ ಸಣ್ಣಗೆ ಸೀಳಿತ್ತು. ಅದರಲ್ಲಿ ಗಂಡ ಉಂಡು ಬಿಟ್ಟ ಅರ್ಧ ರೊಟ್ಟಿ, ಒಂದಿಷ್ಟು ಬದನೆಕಾಯಿ ಪಲ್ಲೆ, ಶೇಂಗಾ ಹಿಂಡಿ.

“ಕುಂದರು, ಉಣ್ಣು. ತಾಟು ತೊಳಿಬ್ಯಾಡ, ಅದರಾಗ ಹಾಕ್ಕೋ. ಗಂಡ ಉಂಡ ತಾಟಿನ್ಯಾಗ ಉಂಡರ ಸಂಸಾರ ಗಟ್ಟಿ ಆಗತೈತಿ,” ಎಂದಳು.

ಬಬಲೇಶ್ವರದ ತವರಿನಲ್ಲಿ ನನ್ನ ಅವ್ವನೂ ಹೀಗೇ ಉಣ್ಣುತ್ತಿದ್ದಳು. ಅದು ನನಗೆ ಹೊಸದಲ್ಲ. ಆದರೆ ನಾನು ಮ್ಯಾಟ್ರಿಕ್ ಪಾಸಾದವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನಿನ್ನೆ ಮೊನ್ನೆ ಮುಖ ಕಂಡವನ ಎಂಜಲು ನಾನ್ಯಾಕೆ ತಿನ್ನಲಿ, ಸುಡುಗಾಡು ಎಂದು ಮನಸ್ಸಿನಲ್ಲೇ ಬೈದುಕೊಂಡು, ಗೋಡೆಗೆ ಮುಖ ಮಾಡಿ ಉಂಡೆ. ರೊಟ್ಟಿ ಎತ್ತಿದರೆ ಕೆಳಗೆ ಒಂದು ದೊಡ್ಡ ಬೆಲ್ಲದ ತುಂಡು. ಅತ್ತೆಗೆ ಕಾಣದ ಹಾಗೆ ಬಚ್ಚಿಟ್ಟು ಹೋಗಿದ್ದ.

ಅವತ್ತಿನಿಂದ ಅದು ನಮ್ಮಿಬ್ಬರ ಆಟವಾಯಿತು. ತುಂಬಿದ ಮನೆಯಲ್ಲಿ ಗಂಡಹೆಂಡತಿ ಹಗಲು ಮಾತಾಡುವ ಹಾಗಿರಲಿಲ್ಲ. ಮಾತೆಲ್ಲ ತಾಟಿನಲ್ಲೇ. ತುಪ್ಪ ಬಿದ್ದ ಕಡೆಯ ರೊಟ್ಟಿಯನ್ನು ಬಿಡುತ್ತಿದ್ದ, ಎಣ್ಣೆಯಲ್ಲಿ ಚೆನ್ನಾಗಿ ಬೆಂದ ಬದನೆಕಾಯಿಯನ್ನು ಬಿಡುತ್ತಿದ್ದ. ಜಗಳವಾದ ದಿನ ಬರೀ ಮೆಣಸಿನಕಾಯಿ ಬಿಡುತ್ತಿದ್ದ. ನಾನು ಒಳಗೆ ಕೂತು ನಗುತ್ತಿದ್ದರೆ, “ಹುಚ್ಚಿ ಹಂಗ ಒಬ್ಬಾಕಿನ ಯಾಕ ನಗತೀ ಬೇ?” ಎಂದು ಅತ್ತೆ ಗದರುತ್ತಿದ್ದಳು.

ಬದುಕಿದ್ದಾಗ ಅವನನ್ನು ‘ಅವರು’ ಎಂದೇ ಅನ್ನುತ್ತಿದ್ದೆ. ಈಗ ನನಗೆ ಎಪ್ಪತ್ತು ದಾಟಿದೆ. ಅವನು ಅಂದು ನಿಂತ ವಯಸ್ಸಿನಲ್ಲೇ ನಿಂತಿದ್ದಾನೆ, ನನ್ನ ಮೊಮ್ಮಗನಾಗುವಷ್ಟು ಚಿಕ್ಕವನು. ಅದಕ್ಕೇ ‘ಅವನು’ ಎನ್ನುತ್ತೇನೆ. ಯಾರ ಕಿವಿಗಾದರೂ ಚುಚ್ಚಿದರೆ ಚುಚ್ಚಲಿ.

ತಿಕೋಟಾದ ಬಸ್ಸು ನಿಲ್ಲುವ ಜಾಗದ ಹಿಂದೆ ನಮ್ಮ ಹಿಟ್ಟಿನ ಗಿರಣಿ ಇತ್ತು. ಸಂತೆಯ ದಿನ ಹೊನವಾಡದ ಹೆಂಗಸರೂ ಜೋಳದ ಬುಟ್ಟಿ ಹೊತ್ತು ಬಂದು ಪಾಳಿ ಹಚ್ಚುತ್ತಿದ್ದರು. ರೇಶನ್ನಿನ ಕೆಂಪು ಜೋಳ ಬೀಸಿ ಬೀಸಿ ಸಾಕಾಗಿದ್ದ ಬರದ ವರ್ಷ ಕಳೆದು, ನಮ್ಮ ಬಿಳಿಜೋಳ ಮತ್ತೆ ಗಿರಣಿಯ ಬಾಯಿಗೆ ಬೀಳತೊಡಗಿದ ಕಾಲ ಅದು. ಅವನು ಸಂಜೆ ಮನೆಗೆ ಬಂದರೆ ಕಣ್ಣರೆಪ್ಪೆಯ ಮೇಲೂ ಹಿಟ್ಟು. “ಭೂತ ಬಂತ್ರಿ, ಬಾಗಲಾ ಹಾಕ್ರಿ,” ಎಂದು ನಾನು ಒಳಗಿನಿಂದ ಕೂಗುತ್ತಿದ್ದೆ. ಆ ಹಿಟ್ಟಿನ ಕೆಳಗೆ ಅವನ ಮುಖ ರಕ್ತವಿಲ್ಲದೆ ಬಿಳಿಚಿಕೊಂಡದ್ದು ಒಬ್ಬರಿಗೂ ಕಾಣಲಿಲ್ಲ.

ಮೊದಲು ಕಂಡದ್ದು ಹೊಟ್ಟೆ. ಎಡಗಡೆ ಪಕ್ಕೆಲುಬಿನ ಕೆಳಗೆ ಗಟ್ಟಿಯಾಗಿ ಊದಿಕೊಂಡಿತು. ಸಂಜೆಗೆ ಸಣ್ಣ ಜ್ವರ, ಬೆವರು. ನನಗೆ ಆಗ ಮುಟ್ಟು ನಿಂತು ಎರಡನೆಯ ತಿಂಗಳು. ಅವನಿಗೆ ಅದೊಂದು ಚೇಷ್ಟೆ ಸಿಕ್ಕಿತು. “ನಿನಗಿಂತ ನನ್ನ ಹೊಟ್ಟಿನ ಮುಂದ ಬಂತಲ್ಲಲೇ! ಯಾರು ಮೊದಲ ಹಡಿತೀವಿ ನೋಡೂಣು,” ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ಎಂಥ ನಗು ಅದು, ಈಗ ನೆನೆದರೆ ಬಾಯಿಗೆ ಬಡಿದುಕೊಳ್ಳಬೇಕು ಅನ್ನಿಸುತ್ತದೆ.

ಮಾವ ಅವನನ್ನು ಸೋಲಾಪುರಕ್ಕೆ ಕರೆದೊಯ್ದ. ಎದೆಯ ಎಲುಬಿಗೆ ಸೂಜಿ ಚುಚ್ಚಿ ಒಳಗಿನದನ್ನು ತೆಗೆದು ನೋಡಿದರಂತೆ. ಡಾಕ್ಟರು ಮಾವನೊಬ್ಬನನ್ನೇ ಒಳಗೆ ಕರೆದು ಹೇಳಿದರು: ರಕ್ತದ ಕ್ಯಾನ್ಸರು. ದವಾಖಾನೆಯಲ್ಲಿ ಮಲಗಬೇಕಿಲ್ಲ, ದಿನಾ ಗುಳಿಗೆ ನುಂಗಬೇಕು, ರಕ್ತ ತೋರಿಸುತ್ತಿರಬೇಕು, ಒಂದೆರಡು ವರ್ಷವಾದರೂ ನೆಟ್ಟಗೆ ಓಡಾಡಿಕೊಂಡು ಇರಬಹುದು. ಮಾವ ಊರಿಗೆ ಬಂದು ಅದನ್ನು ದನದ ಕೊಟ್ಟಿಗೆಯಲ್ಲಿ ಅತ್ತೆಗೆ ಹೇಳಿದ. ನಮ್ಮಿಬ್ಬರಿಗೆ ಹೇಳಿದ್ದು, “ಹೊಟ್ಟ್ಯಾಗ ಗಡ್ಡಿ ಬಾತೈತಿ, ಗುಳಿಗಿಲಿಂದ ಕರಗತೈತಿ,” ಅಂತ. ಹರೆಯದ ಹುಡುಗ ಎದೆಯೊಡೆದುಕೊಂಡಾನು, ಬಸುರಿ ಹೆದರಿಕೊಂಡಾಳು ಎಂಬ ಕರುಣೆ. ಆ ಕರುಣೆಗೆ ಬೆಂಕಿ ಬೀಳಲಿ.

ಗುಳಿಗೆ ಸಿಗುತ್ತಿದ್ದುದು ವಿಜಾಪುರದ ಗಾಂಧಿ ಚೌಕದ ಹತ್ತಿರದ ಒಂದು ಔಷಧಿ ಅಂಗಡಿಯಲ್ಲಿ. ಅದನ್ನು ನಡೆಸುತ್ತಿದ್ದವರು ಔಷಧಶಾಸ್ತ್ರವನ್ನೇ ಓದಿ ಬಂದ ನಡುವಯಸ್ಸಿನವರು, ದಪ್ಪ ಕನ್ನಡಕ, ಬಿರುಸು ಮಾತು. ‘ಗುಳಿಗಿ ಕೇಳಿದ್ರ ಜಾತಕ ಕೇಳ್ತಾನ’ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಆ ಗುಳಿಗೆಯನ್ನು ಅವರು ಮುಂಬೈಯಿಂದ ತರಿಸಿಕೊಟ್ಟರು. ಆದರೆ ಒಮ್ಮೆಗೆ ಎಲ್ಲ ಕೊಡಲಿಲ್ಲ. ಎರಡು ವಾರದ್ದು ಕೊಟ್ಟು, “ಇವು ತೀರಿದ ಮ್ಯಾಲ ಮೊದಲ ರಕ್ತಾ ತೋರಿಸಿ ಬರ್ರಿ. ರಕ್ತದ್ದು ನೋಡಿದ ಮ್ಯಾಲನ ಮುಂದಿನವು. ಇದು ಜ್ವರದ ಗುಳಿಗಿ ಅಲ್ಲ, ರೋಗಾನೂ ಕೊಲ್ತದ, ಮನಷ್ಯಾನ್ನೂ ಕೊಲ್ತದ,” ಎಂದರು. ಇಡಿಯಾಗಿ ನೀರಿನ ಜೊತೆ ನುಂಗಬೇಕು, ಮುರಿಯಬಾರದು, ಅರೆಯಬಾರದು ಎಂದರು. ಕೊನೆಗೆ ಕೇಳಿದರು, “ಮನ್ಯಾಗ ಬಸರಿ ಹೆಂಗಸರು ಅದಾರೇನು? ಇದ್ರ ಇದನ್ನ ಅವರು ಮುಟ್ಟಬಾರದು.”

ಮಾವ, “ಇಲ್ರಿ,” ಎಂದುಬಿಟ್ಟ.

ಸುಳ್ಳುಗಾರನಲ್ಲ ನನ್ನ ಮಾವ. ಸೊಸೆಯ ಬಸುರಿನ ಮಾತನ್ನು ಪರಗಂಡಸಿನ ಮುಂದೆ, ಅದೂ ನಾಲ್ಕು ಜನ ನಿಂತ ಅಂಗಡಿಯಲ್ಲಿ, ಯಾವ ಮಾವ ತಾನೇ ಆಡುತ್ತಾನೆ? ಅದಲ್ಲದೆ ಐದು ತಿಂಗಳು ತುಂಬುವ ತನಕ ಹೊರಗೆ ಬಾಯಿ ಬಿಡಬಾರದು, ದೃಷ್ಟಿ ಆಗುತ್ತದೆ ಎಂದು ಅತ್ತೆ ತಾಕೀತು ಮಾಡಿದ್ದಳು. ದೃಷ್ಟಿ ಆಗಬಾರದು ಎಂದು ಅವನು ಇಲ್ಲವೆಂದ. ಅಂಗಡಿಯವರು ಒಪ್ಪಿಕೊಂಡು ಪೊಟ್ಟಣ ಕಟ್ಟಿದರು.

ಗುಳಿಗೆ ಮನೆಗೆ ಬಂತು, ಇವನು ನುಂಗಲಿಲ್ಲ. ಎರಡು ದಿನ ನುಂಗಿದ, ವಾಂತಿ ಬಂದಂತಾಯಿತು, “ಗಡ್ಡಿಗೆ ಇಷ್ಟ್ಯಾಕ ಔಷಧ? ನಾ ಒಲ್ಲೆ,” ಎಂದು ಮಾಡಿನ ಸಂದಿಗೆ ಎಸೆದ. ಏನಾಗಿದೆ ಎಂದು ಹೇಳದೆ ಔಷಧ ತಿನ್ನು ಎಂದರೆ ಯಾರು ತಿಂದಾರು? ಅತ್ತೆ ಬೈದಳು, ಅತ್ತಳು, ಆಮೇಲೆ ಸುಮ್ಮನಾದಳು. ಎಲ್ಲರೂ ಹಟ ಬಿಟ್ಟರು ಎಂದುಕೊಂಡೆ. ಆದರೆ ಅವಳು ಆ ಪೊಟ್ಟಣ ಕೆಳಗಿಳಿಸಿ, ಯಾಲಕ್ಕಿ ಕುಟ್ಟುವ ಸಣ್ಣ ಕಲ್ಲಿನಲ್ಲಿ ಗುಳಿಗೆಯನ್ನು ನುಣ್ಣಗೆ ಅರೆದು, ಹಾಲಿನಲ್ಲಿ ರೊಟ್ಟಿ ಚೂರಿ, ಬೆಲ್ಲ ಹಾಕಿ, ಅದರಲ್ಲಿ ಕಲಸಿಡತೊಡಗಿದ್ದಳು. ಮಗನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಒಂದು ದಿನವೂ ತಪ್ಪಿಸಲಿಲ್ಲ ಪುಣ್ಯಾತಗಿತ್ತಿ.

ಅವನಿಗೆ ಹೊಟ್ಟೆಯೊಳಗಿನ ಬಾವು ಜಠರವನ್ನು ಒತ್ತುತ್ತಿತ್ತು. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು. ತಾಟಿನ ಅರ್ಧ ಹಾಗೇ ಉಳಿಯುತ್ತಿತ್ತು. ಉಂಡು ಎದ್ದವನು ಒಳಗೆ ನನ್ನ ಕಡೆ ನೋಡಿ, “ಎರಡು ಜೀವ ಉಣ್ಣಬೇಕು, ಪೂರಾ ಮುಗಿಸು,” ಎಂದು ಕಣ್ಣು ಮಿಟುಕಿಸಿ ಹೋಗುತ್ತಿದ್ದ.

ನನಗಾಗಿಯೇ ಬಿಡುತ್ತಿದ್ದಾನೆ ಎಂದುಕೊಂಡೆ ನಾನು. ಹಾಲು, ಬೆಲ್ಲ, ಯಾಲಕ್ಕಿ, ಇಷ್ಟು ಚಲೋದನ್ನು ಬಸುರಿ ಹೆಂಡತಿಗೆ ಅಂತ ಅರ್ಧ ಬಿಡುವ ಗಂಡ ಯಾರಿಗೆ ಸಿಗುತ್ತಾನೆ ಎಂದು ಹೆಮ್ಮೆಪಟ್ಟೆ. ತಳದಲ್ಲಿ ಸುಣ್ಣದಂಥ ಒಂದು ಒಗರು ಇರುತ್ತಿತ್ತು. ಗಿರಣಿಯ ಹಿಟ್ಟಿನ ಕೈ, ಹಾಗಿರಬೇಕು ಎಂದುಕೊಂಡು ಬೆರಳಿನಿಂದ ಒರೆಸಿ ನೆಕ್ಕುತ್ತಿದ್ದೆ. ಒಂದು ತೊಟ್ಟೂ ಬಿಡುತ್ತಿರಲಿಲ್ಲ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಆಮೇಲೆ ಸಾಲೆಯಲ್ಲಿ ಮಕ್ಕಳಿಗೆ ನಾನೇ ಕಲಿಸಿದ್ದೇನೆ. ಕಲಿಸುವಾಗ ಪ್ರತಿ ಸಲ ಮಕ್ಕಳಿಗೆ ಬೆನ್ನು ಮಾಡಿ ಹಲಗೆ ಒರೆಸಿದ್ದೇನೆ.

ಐದನೆಯ ತಿಂಗಳ ಹೊತ್ತಿಗೆ ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕಿದರೆ ಒಸಡಿನಿಂದ ರಕ್ತ ಬರುತ್ತಿತ್ತು. ನೀರಿನ ಕೊಡ ಸೊಂಟಕ್ಕೆ ತಾಗಿದಲ್ಲೆಲ್ಲ ನೇರಳೆ ಕಲೆ. ಮೆಟ್ಟಿಲು ಏರಿದರೆ ಏದುಸಿರು. “ಬಸರಿಗೆ ಇದೆಲ್ಲಾ ಇರೂದ ಬೇ, ನಾವೇನು ಹಡದಿಲ್ಲೇನು?” ಎಂದಳು ಅತ್ತೆ. ನನಗೂ ಹಾಗೇ ಅನ್ನಿಸಿತು.

ಅತ್ತ ವಿಜಾಪುರದಲ್ಲಿ ಎರಡು ವಾರಕ್ಕೊಮ್ಮೆ ತೋರಿಸುತ್ತಿದ್ದ ಅವನ ರಕ್ತದಲ್ಲಿ, ರೋಗದಿಂದ ಹೆಚ್ಚಿದ್ದ ಬಿಳಿಕಣಗಳು ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಮಾವ ಸೋಲಾಪುರಕ್ಕೆ ಹೋಗಿ ಬಂದ. ಡಾಕ್ಟರ ಮುಂದಿದ್ದುದು ರಕ್ತದ ಲೆಕ್ಕವೊಂದೇ. ಅದನ್ನು ನೋಡಿ ಯಾರಾದರೂ ಮಾಡುವುದನ್ನೇ ಮಾಡಿದರು, ಗುಳಿಗೆ ಇಮ್ಮಡಿ ಬರೆದುಕೊಟ್ಟರು. ಮಾವ ಅದನ್ನು ಹಿಡಿದು ವಿಜಾಪುರಕ್ಕೆ ಹೋದರೆ, ಅಂಗಡಿಯವರು ಗುಳಿಗೆ ಕೊಡಲಿಲ್ಲ.

“ಹುಡುಗ ಗುಳಿಗಿ ನುಂಗ್ತಾನೇನು? ನೀವು ಕಣ್ಣಾರೆ ನೋಡೀರೇನು?”

“ಅವನ ಅವ್ವ ಕೊಡ್ತಾಳ್ರಿ. ದಿನಾ ಕೊಡ್ತಾಳ.”

“ಕೊಡೂದು ಬ್ಯಾರೆ, ಹೊಟ್ಟಿಗೆ ಹೋಗೂದು ಬ್ಯಾರೆ. ಹೋಗಲಾರದಕ್ಕ ಇಳಿದಿಲ್ಲ ಅಂದ್ರ? ಇಮ್ಮಡಿ ಕೊಟ್ಟು, ಅದು ಪೂರಾ ಹೋತಂದ್ರ ರಕ್ತ ನೆಲಾ ಹಿಡೀತದ, ಮತ್ತ ಮ್ಯಾಲ ಏಳೂದಿಲ್ಲ. ನಾ ಸೋಲಾಪುರಕ್ಕ ಬರೀತೀನಿ. ಈ ಐತವಾರ ಅಂಗಡಿ ಬಂದ್ ಇರ್ತದ, ನಿಮ್ಮ ಮನಿಗೆ ಬರ್ತೀನಿ.”

“ಔಷಧಾ ಮಾರಾವ ಮನೀ ತನಕಾ ಬರ್ತಾನಂತ!” ಎಂದು ಮಾವ ಮನೆಗೆ ಬಂದು ಬೆರಗಿನಿಂದ ಹೇಳಿದ. ಮನೆಗೆ ಬರುವವರು ಅತಿಥಿ ಎಂದು ಅತ್ತೆ ಹೋಳಿಗೆಗೆ ಬೇಳೆ ನೆನೆ ಹಾಕಿದಳು.

ಐತವಾರ ಬಸ್ಸಿನಿಂದ ಇಳಿದು ಬಂದರು. ಕೈಯಲ್ಲಿ ಛತ್ರಿ, ಬಿಸಿಲಿಗೆ ಕೆಂಪಾದ ಮುಖ. ಪಡಸಾಲೆಯಲ್ಲಿ ಅವರಿಗೂ ನನ್ನ ಗಂಡನಿಗೂ ಎದುರುಬದುರು ತಾಟು ಹಾಕಿದೆವು. ತಲೆಯ ಮೇಲೆ ಸೆರಗು ಎಳೆದುಕೊಂಡು ನಾನೇ ಬಡಿಸಿದೆ. ಅಗಲವಾದ ಸೆರಗು, ಅದರೊಳಗೆ ನನ್ನ ಹೊಟ್ಟೆ ಅವರಿಗೆ ಕಂಡಿರಲಿಕ್ಕಿಲ್ಲ. ಅವರಿಗೆ ಹೋಳಿಗೆ, ಇವನಿಗೆ ಎಂದಿನ ಹಾಲುರೊಟ್ಟಿ. ಅವರು ಉಣ್ಣುತ್ತಲೇ ಇವನ ತಾಟನ್ನೇ ನೋಡುತ್ತಿದ್ದರು. ಇವನು ಎಂದಿನಂತೆ ಅರ್ಧ ಬಿಟ್ಟು, ಹೊಟ್ಟೆ ಹಿಡಿದುಕೊಂಡು ಪಕ್ಕದ ಕೋಣೆಯ ಹೊರಸಿನ ಮೇಲೆ ಹೋಗಿ ಒರಗಿದ. ನಾನು ತಾಟು ಎತ್ತಿಕೊಂಡು ಒಳಗೆ ಹೋಗಿ ಒಲೆಯ ಬದಿಗೆ ಕೂತೆ. ನಡುವೆ ಒಂದು ಗೋಡೆ, ಹೊರಗಿನ ಮಾತೆಲ್ಲ ಕೇಳುತ್ತಿತ್ತು.

“ಗುಳಿಗಿ ಯಾವಾಗ ಕೊಡ್ತೀರಿ, ತಾಯಿ?” ಎಂದು ಅವರು ಕೇಳಿದರು.

ಅತ್ತೆ ದನಿ ತಗ್ಗಿಸಿದಳು. ದನಿಯಲ್ಲಿ ಒಂದು ಹೆಮ್ಮೆ. “ಕೊಟ್ಟಾತಲ್ರಿ! ನಿಮ್ಮ ಕಣ್ಣ ಮುಂದನ ಉಂಡ. ಅವಗ ಗೊತ್ತಾಗದಂಗ ಅರದು ಹಾಲುರೊಟ್ಟ್ಯಾಗ ಕಲಸಿರ್ತೇನ್ರಿ. ಒಂದು ದಿನಾನೂ ತಪ್ಪಿಸಿಲ್ಲ.”

“ಅಂದ್ರ ಅರ್ಧಾನ ಹೋಗಾಕತ್ತದ,” ಎಂದರು ಅವರು ತಮಗೆ ತಾವೇ. “ಅದಕ್ಕ ಇಳಿದಿಲ್ಲ.” ಆಮೇಲೆ ಕೇಳಿದರು, “ಉಳಿದದ್ದು ಎಲ್ಲಿ ಚೆಲ್ತೀರಿ? ದನಕ್ಕ ಹಾಕ್ತೀರೇನು?”

“ಅಯ್ಯ, ಚೆಲ್ಲೂದ್ಯಾಕ್ರಿ? ಅವನ ಹೆಣ್ತಿ ಉಣ್ತಾಳ. ಬಸರಿ ಅದಾಳ, ಚಲೋ ಉಣ್ತಾಳ.”

ಹಿತ್ತಾಳೆ ತಂಬಿಗೆ ಉರುಳಿದ ಸದ್ದಾಯಿತು. ಪರಗಂಡಸು ಎಂದೂ ದಾಟದ ಅಡಿಗೆಮನೆಯ ಹೊಸ್ತಿಲ ಮೇಲೆ ಎಂಜಲು ಕೈಯಲ್ಲೇ ಅವರು ನಿಂತಿದ್ದರು. ನನ್ನ ಬಾಯಲ್ಲಿ ತುತ್ತು ಇತ್ತು.

“ಉಗುಳವ್ವಾ! ಮೊದಲ ಉಗುಳು! ಉಗುಳು!”

ಇವರಿಗೆ ಹುಚ್ಚು ಹಿಡಿಯಿತೇನೋ ಎಂದು ನಾನು ಅಂಜಿ ಅಂಗೈಗೆ ಉಗುಳಿದೆ. ಅವರು ನನ್ನ ಮುಂದಿನ ತಾಟು ಕಿತ್ತುಕೊಂಡರು. ಸೆರಗಿನಿಂದ ಹೊರಗೆ ಬಂದಿದ್ದ ನನ್ನ ತೋಳಿನ ಕಲೆಗಳನ್ನು ನೋಡಿದರು. ಎಷ್ಟು ದಿನದಿಂದ ಎಂದು ಕೇಳಿದರು. ಮೊದಲಿನಿಂದಲೂ ಎಂದೆ. ಆ ಬಿರುಸು ಮಾತಿನ ಮನುಷ್ಯ ಹೊಸ್ತಿಲ ಮೇಲೆ ಕುಸಿದು ಕೂತುಬಿಟ್ಟರು.

“ನಾ ಕೇಳಿದ್ನಲ್ರಿ. ಬಸರಿ ಇದ್ದಾರೇನು ಅಂತ ಕೇಳಿದ್ನಲ್ರಿ,” ಎಂದರು. ಮಾವ ತಲೆ ತಗ್ಗಿಸಿ ನಿಂತಿದ್ದ. ಅವತ್ತು ತಗ್ಗಿಸಿದ ತಲೆಯನ್ನು ಅವನು ಸಾಯುವವರೆಗೂ ನನ್ನ ಮುಂದೆ ಎತ್ತಲಿಲ್ಲ.

ಏನು ಔಷಧ, ಯಾಕೆ, ಯಾವ ರೋಗ, ಎಲ್ಲವೂ ಆಗ ಒಂದೊಂದಾಗಿ ಹೊರಗೆ ಬಂತು. ಅತ್ತೆ ಎದೆ ಎದೆ ಬಡಿದುಕೊಂಡು, “ನನ್ನ ಕೈ ಸೇದಿಹೋಗಲಿ, ನನ್ನ ಕೈ ಸೇದಿಹೋಗಲಿ,” ಎಂದು ಅರಚುತ್ತಿದ್ದಳು. ತಲೆಯೆತ್ತಿ ನೋಡಿದರೆ ಕೋಣೆಯ ಬಾಗಿಲಲ್ಲಿ ನನ್ನ ಗಂಡ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ತನಗೆ ಸಾವು ಹತ್ತಿರವಿದೆ ಎಂಬ ಸುದ್ದಿಯೂ, ತಾನು ಕಣ್ಣು ಮಿಟುಕಿಸಿ ಬಿಡುತ್ತಿದ್ದ ತುತ್ತು ಎಂಥದು ಎಂಬ ಸುದ್ದಿಯೂ ಅವನಿಗೆ ಒಂದೇ ಉಸಿರಿನಲ್ಲಿ ಬಂತು. ಅವನು ಕೇಳಿದ್ದು ಒಂದೇ ಮಾತು.

“ಕೂಸು ಉಳಿತೈತೇನ್ರಿ?”

“ನೋಡೂಣಪ್ಪಾ,” ಎಂದರು ಅವರು.

ಆ ಒಂದು ಮಾತಿನ ಮೇಲೆ ನಾವು ನಾಲ್ಕು ಜನ ಆಮೇಲಿನ ತಿಂಗಳುಗಳನ್ನು ಕಳೆದೆವು.

ಅವರು ಅವತ್ತು ಸಂಜೆಯ ಬಸ್ಸಿನವರೆಗೂ ಇದ್ದರು. ಬಾಳೆಹಣ್ಣಿನ ಸಣ್ಣ ತುಂಡಿನೊಳಗೆ ಶೇಂಗಾಕಾಳು ಇಟ್ಟು, ಇಡಿಯಾಗಿ ಹೇಗೆ ನುಂಗಬೇಕು ಎಂದು ನನ್ನ ಗಂಡನಿಗೆ ಕೂಸಿಗೆ ಕಲಿಸಿದ ಹಾಗೆ ಕಲಿಸಿದರು. ನಾಳೆಯಿಂದ ಗುಳಿಗೆ ಅವನ ಕೈಯಿಂದಲೇ ಅವನ ಬಾಯಿಗೆ, ಬೇರೆ ಯಾರೂ ಮುಟ್ಟುವಂತಿಲ್ಲ. ಆ ಅರೆಯುವ ಕಲ್ಲನ್ನು ಎಸೆಯಿಸಿದರು. ಅವನು ಉಂಡ ತಾಟನ್ನು ಬೇರೆಯೇ ತೊಳೆಯಬೇಕು, ಅದರಲ್ಲಿ ಅವನ ಹಿಂದೆ ಯಾರೂ ಉಣ್ಣುವ ಹಾಗಿಲ್ಲ. ಅವನು ಬಿಟ್ಟದ್ದನ್ನು ಎಮ್ಮೆಗೂ ಹಾಕುವ ಹಾಗಿಲ್ಲ, ನಾಯಿಗೂ ಹಾಕುವ ಹಾಗಿಲ್ಲ, ಹಿತ್ತಲಿನಲ್ಲಿ ಗುಣಿ ತೋಡಿ ಮುಚ್ಚಬೇಕು. ಬಿದ್ದ ಅನ್ನದ ಅಗುಳನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದ ನನ್ನ ಅತ್ತೆ, ಬೇವಿನ ಮರದ ಬುಡದಲ್ಲಿ ಕುರ್ಪಿಯಿಂದ ಗುಣಿ ತೋಡಿ ಮಗನ ಎಂಜಲನ್ನು ದಿನವೂ ಹೂಳತೊಡಗಿದಳು. ಹೂಳಿ ಕೈ ಮುಗಿದು ಬರುತ್ತಿದ್ದಳು.

ಇಮ್ಮಡಿ ಗುಳಿಗೆ ಬೇಕಾಗಲಿಲ್ಲ. ಅಂಗಡಿಯವರು ಸೋಲಾಪುರದ ಡಾಕ್ಟರಿಗೆ ನಡೆದದ್ದನ್ನು ತಿಳಿಸಿ, ಮೊದಲಿನಷ್ಟೇ ಸಾಕು ಎಂದು ಹೇಳಿಸಿಕೊಂಡರು. ಪೂರಾ ಗುಳಿಗೆ ಹೊಟ್ಟೆಗೆ ಬಿದ್ದ ಮೇಲೆ ಅವನ ಬಾವು ಇಳಿಯತೊಡಗಿತು. ನನ್ನ ರಕ್ತವನ್ನೂ ಅವರು ತೋರಿಸಿದರು. ತೀರ ಇಳಿದಿತ್ತು, ನಿಧಾನಕ್ಕೆ ಏರತೊಡಗಿತು. ಒಸಡಿನ ರಕ್ತ ನಿಂತಿತು.

ಆ ಐತವಾರದ ಮರುದಿನ ಮಧ್ಯಾಹ್ನ ನನ್ನ ಗಂಡ ಉಣ್ಣಲಿಕ್ಕೆ ಕೂಡಲಿಲ್ಲ. “ಮೊದಲ ಆಕಿಗೆ ಹಾಕು,” ಎಂದ ಅವ್ವನಿಗೆ. ನಾನು ಒಲ್ಲೆ ಎಂದೆ, ನಾಚಿಕೆಯಿಂದ ಸತ್ತೆ. ಅವನು ಬಿಡಲಿಲ್ಲ. ಹೊಸ ಸ್ಟೀಲಿನ ತಾಟಿನಲ್ಲಿ ಅತ್ತೆಯೇ ಬಡಿಸಿದಳು. ನಾನು ಅಳುತ್ತ ಉಂಡೆ. ಉಂಡು ಎದ್ದ ಮೇಲೆ ಅದೇ ತಾಟು ಎಳೆದುಕೊಂಡು, ಅದರಲ್ಲೇ ರೊಟ್ಟಿ ಹಾಕಿಸಿಕೊಂಡು ಅವನು ಉಂಡ. ನಾಲ್ಕು ದಿನದಲ್ಲಿ ಸುದ್ದಿ ಗಿರಣಿಗೆ ಮುಟ್ಟಿತು. “ಹೆಣ್ತಿ ಎಂಜಲಾ ತಿಂತೀಯಂತಲ್ಲೋ?” ಎಂದು ಯಾರೋ ಕೆಣಕಿದರು. “ಹೌದು, ತಿಂತೇನಿ. ನಿನಗೂ ಒಂದೀಟು ಬೇಕೇನು?” ಎಂದು ಹೇಳಿ ಬಂದೆ ಅಂತ ನನ್ನ ಮುಂದೆ ನಕ್ಕ. ನಾನು ರೊಟ್ಟಿಯ ಕೆಳಗೆ ಬೆಲ್ಲ ಬಚ್ಚಿಡುತ್ತಿದ್ದೆ. ಆದರೆ ಮೊದಲಿನ ಹಾಗೆ ನಗು ಬರುತ್ತಿರಲಿಲ್ಲ. ಇಬ್ಬರೂ ಕಿವಿಯೆಲ್ಲ ನನ್ನ ಹೊಟ್ಟೆಯ ಕಡೆಗೇ ಇಟ್ಟುಕೊಂಡಿದ್ದೆವು. ಒಳಗೆ ಅದು ಹೊರಳಿದರೆ ಅವನಿಗೆ ಹೇಳುತ್ತಿದ್ದೆ, ಹೊರಳದ ದಿನ ಸುಳ್ಳು ಹೇಳುತ್ತಿದ್ದೆ.

ಏಳನೆಯ ತಿಂಗಳಲ್ಲಿ ಕುಬಸ ಮಾಡಿ ನನ್ನನ್ನು ತವರಿಗೆ ಕಳಿಸಿದರು. ಹಸಿರು ಸೀರೆ, ಹಸಿರು ಬಳೆ, ಆರತಿ, ಎಲ್ಲ ಆಯಿತು. ಹೊಟ್ಟೆ ಸಣ್ಣದಿದೆ ಎಂದು ಹೆಂಗಸರು ಪಿಸುಗುಟ್ಟಿದ್ದು ನನಗೆ ಕೇಳಿಸಿತು.

ಹೆಣ್ಣು ಹುಟ್ಟಿತು, ಬಬಲೇಶ್ವರದಲ್ಲಿ, ಅವ್ವನ ಮನೆಯಲ್ಲಿ, ದಿನ ತುಂಬುವ ಮೊದಲೇ. ಎರಡು ಅಂಗೈ ಜೋಡಿಸಿದರೆ ಹಿಡಿಸುವಷ್ಟು. ಕೈಕಾಲು, ಕಣ್ಣುಮೂಗು ಎಲ್ಲ ನೆಟ್ಟಗಿತ್ತು. ಉಗುರು ಸಹ ಇತ್ತು. ಆದರೆ ಎದೆಗೆ ಹಚ್ಚಿದರೆ ಚೀಪುವ ಬಲವಿಲ್ಲ.

ಸುದ್ದಿ ಮುಟ್ಟಿ ಅವನು ತಿಕೋಟಾದಿಂದ ವಿಜಾಪುರ, ಅಲ್ಲಿಂದ ಸಾರವಾಡದ ಮೇಲಿನ ಬಸ್ಸು ಹಿಡಿದು ಬರುವಷ್ಟರಲ್ಲಿ ಮರುದಿನದ ಮಧ್ಯಾಹ್ನ. ಕೈಕಾಲು ತೊಳೆದು, ಅದನ್ನು ತೊಡೆಯ ಮೇಲೆ ತೆಗೆದುಕೊಂಡ. ಹತ್ತಿಯನ್ನು ಹಾಲಿನಲ್ಲಿ ಅದ್ದಿ ತುಟಿಗೆ ಹಿಂಡಿದ. ಒಂದು ಹನಿ ಒಳಗೆ ಹೋಯಿತು, ಇನ್ನೊಂದು ಹೊರಗೆ ಹರಿಯಿತು. ಬಿಸಿಲು ಇಳಿಯುವ ಮುಂಚೆ ಅವನ ತೊಡೆಯ ಮೇಲೆಯೇ ಅದರ ಉಸಿರು ನಿಂತಿತು. ಅವನು ಬಹಳ ಹೊತ್ತು ಹನಿ ಹಿಂಡುತ್ತಲೇ ಇದ್ದ. ಅವ್ವ ಕೈ ಹಿಡಿದು ನಿಲ್ಲಿಸಬೇಕಾಯಿತು.

“ನಾ ಪೂರಾ ಉಂಡಿದ್ನಂದ್ರ,” ಎಂದ. ಮಾತು ಮುಗಿಸಲಿಲ್ಲ.

ಬಾಣಂತನದ ದಿನಗಳು ಮುಗಿದ ಮೇಲೆ ನಾನು ವಿಜಾಪುರದ ಆ ಅಂಗಡಿಗೆ ಒಬ್ಬಳೇ ಹೋದೆ. ಗಿರಾಕಿಗಳು ನಿಂತಿದ್ದರು. ನಾನು ನಾಚಲಿಲ್ಲ, ನಾಚಿಕೆಯಿಂದ ನಮಗಾದದ್ದು ಸಾಕಾಗಿತ್ತು. “ನಾ ಆ ತಾಟಿನ್ಯಾಗ ಉಂಡದ್ದಕ್ಕ ನನ್ನ ಕೂಸು ಹೋತೇನ್ರಿ?” ಎಂದು ಎಲ್ಲರ ಮುಂದೆ ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. “ಗೊತ್ತಿಲ್ಲವ್ವಾ,” ಎಂದರು.

“ಊರ ಮಂದೀಗೆಲ್ಲಾ ಸಾವಿರ ಮಾತು ಕೇಳ್ತೀರಿ! ನನಗ ಒಂದು ಮಾತು ಹೇಳಾಕ ಬರೂದಿಲ್ಲೇನ್ರಿ ನಿಮಗ?”

“ಅದರಿಂದ ಅಲ್ಲ ಅಂದ್ರ ಸುಳ್ಳು. ಅದರಿಂದನ ಅಂದ್ರೂ ಸುಳ್ಳು. ನಿನಗ ಯಾವ ಸುಳ್ಳು ಹೇಳ್ಲಿ, ತಂಗೀ?”

ಯಾವುದಾದರೂ ಒಂದು ಹೇಳಬಾರದಿತ್ತೇ ಎಂದು ಇವತ್ತಿಗೂ ಅವರ ಮೇಲೆ ಸಿಟ್ಟು ಬರುತ್ತದೆ. ಇಂಥ ಗುಳಿಗೆ ಒಯ್ಯುವವರಿಗೆ ಅವರು ಆಮೇಲೆ ಹೊಸದೊಂದು ಕಟ್ಟಳೆ ಹಾಕಿದರು. ಗಂಡಸರ ಕೈಗೆ ಕೊಡುವುದನ್ನೇ ನಿಲ್ಲಿಸಿದರು. ಮನೆಯಲ್ಲಿ ಒಲೆಯ ಮುಂದೆ ಕೂಡುವವಳು ಯಾರೋ ಅವಳೇ ಬರಬೇಕು, ಅವಳ ಮುಂದೆ ಕೇಳುತ್ತಿದ್ದರು: ಯಾರು ಅಡಿಗೆ ಮಾಡ್ತೀರಿ, ಅವರು ಬಿಟ್ಟದ್ದು ಯಾರು ಉಣ್ತೀರಿ, ತಾಟು ಯಾರು ತೊಳಿತೀರಿ. ಹೆಂಗಸರು ಮುಸಿಮುಸಿ ನಗುತ್ತಿದ್ದರಂತೆ. ಅವರ ಯಾರ ಕೂಸಾದರೂ ಉಳಿದಿರಬಹುದು. ಉಳಿದಿದ್ದರೆ ಒಳ್ಳೆಯದು. ನನಗೇನೂ ಅದರಿಂದ ಸಮಾಧಾನವಾಗಿಲ್ಲ, ಆಗಿದೆ ಎಂದು ಹೇಳಲಿಕ್ಕೆ ನಾನು ಅಷ್ಟು ದೊಡ್ಡವಳಲ್ಲ.

ಅವನಿಗೆ ಗುಳಿಗೆ ಹಿಡಿಯಿತು. ಒಂದು ವರ್ಷದ ಮೇಲೆ ಚೆನ್ನಾಗಿದ್ದ. ಹೊಟ್ಟೆ ಇಳಿದು ಸಪಾಟಾಯಿತು. ಗಿರಣಿಗೆ ಹೋದ, ಹಿಟ್ಟು ಮೆತ್ತಿಕೊಂಡು ಬಂದ. ತಾಟಿನ ತುಂಬ ಉಣ್ಣುತ್ತಿದ್ದ. ಉಂಡು, ತಾಟಿಗೆ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿಯುತ್ತಿದ್ದ. ಒಂದು ಅಗುಳು ಬಿಡಲಿಲ್ಲ. ಬಿಡಬೇಕಾದದ್ದೇನೂ ಅವನಲ್ಲಿ ಉಳಿದಿರಲಿಲ್ಲ. ಇನ್ನೊಂದು ಕೂಸು ಎಂದು ಅತ್ತೆ ಒಮ್ಮೆ ಬಾಯಿ ಬಿಟ್ಟಳು. ಇವನು ಎದ್ದು ಹೊರಗೆ ಹೋದ.

ಎರಡನೆಯ ಬೇಸಿಗೆಯಲ್ಲಿ ಜ್ವರ ಮರಳಿ ಬಂತು, ಹೊಟ್ಟೆ ಮತ್ತೆ ಊದಿತು. ಈ ಸಲ ಯಾವ ಗುಳಿಗೆಗೂ ರಕ್ತ ಜಗ್ಗಲಿಲ್ಲ. ಅಂಗಡಿಯವರು ಮಾವನನ್ನು ಕೂರಿಸಿ ನೀರು ಕೊಟ್ಟು, “ಇನ್ನ ಕೊಡೂದು ಹಿಂಸೆ,” ಎಂದು ಬಾಯಿ ಬಿಟ್ಟು ಹೇಳಿದರು. ಈ ಸಲ ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡದೆ ಇದ್ದರೂ ಆಗುವುದು ಆಗಿಯೇ ಆಗುತ್ತದೆ ಎಂದು ಅವತ್ತು ತಿಳಿಯಿತು. ಅವನು ಹೋದಾಗ ಮುಖದ ಮೇಲೆ ಹಿಟ್ಟಿರಲಿಲ್ಲ, ಆದರೂ ಅಷ್ಟೇ ಬೆಳ್ಳಗಿತ್ತು.

ದಿನಗಳು ಮುಗಿದು, ಎಡೆ ಇಡುವ ದಿನ ಅತ್ತೆ ಹೋಳಿಗೆ ಮಾಡಿದಳು. ಅಟ್ಟದ ಮೇಲೆ ಎತ್ತಿಟ್ಟಿದ್ದ ಕಂಚಿನ ತಾಟು ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಹೋಳಿಗೆ, ರೊಟ್ಟಿ, ಬದನೆಕಾಯಿ ಪಲ್ಲೆ, ಬಟ್ಟಲಲ್ಲಿ ಹಾಲು, ಎಲ್ಲ ಅವನ ಅಂಗಿಯ ಮುಂದೆ ಇಟ್ಟು ಧೂಪ ಹಾಕಿದರು. ಎಡೆ ಇಟ್ಟದ್ದನ್ನು ಆಮೇಲೆ ಮನೆಯವರು ಹಂಚಿಕೊಂಡು ಉಣ್ಣುವುದು ನಮ್ಮ ಪದ್ಧತಿ. ಬೀಗರು ಬಿಜ್ಜರು ಪಡಸಾಲೆಯಲ್ಲಿ ಪಂಕ್ತಿ ಕೂತಿದ್ದರು. ಅತ್ತೆ ಆ ತಾಟು ಎತ್ತಿಕೊಂಡಳು. ಯಾರಿಗೂ ಬಡಿಸದೆ, ಯಾರ ಕಡೆಯೂ ನೋಡದೆ, ನೆಟ್ಟಗೆ ಹಿತ್ತಲಿಗೆ ನಡೆದಳು. ನಾನು ಹಿಂದೆ ಓಡಿದೆ. ಬೇವಿನ ಬುಡದಲ್ಲಿ ಕೂತು ಕುರ್ಪಿಯಿಂದ ಮಣ್ಣು ಕೆದರುತ್ತಿದ್ದಳು.

“ಅತ್ತಿ,” ಎಂದೆ. “ಇದರಾಗ ಔಷಧ ಇಲ್ರಿ.”

ಅವಳ ಕೈ ನಿಂತಿತು. ಕುರ್ಪಿ ನೋಡಿದಳು, ತಾಟು ನೋಡಿದಳು, ನನ್ನನ್ನು ನೋಡಿದಳು. ಏನು ಮಾಡುತ್ತಿದ್ದೇನೆ ಎಂದು ಅವಳಿಗೆ ಆಗ ಗೊತ್ತಾಯಿತು. ಬಾಯಿ ತೆರೆದಳು, ಅಳು ಬರಲಿಲ್ಲ.

ನಾನು ಅವಳ ಕೈಯಿಂದ ತಾಟು ತೆಗೆದುಕೊಂಡೆ. ಅಲ್ಲೇ ಆ ಮಣ್ಣಿನ ಮೇಲೆ ಕೂತು ರೊಟ್ಟಿ ಮುರಿದು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟೆ. ಆ ಒಗರು ಎಲ್ಲಿಯೂ ಇರಲಿಲ್ಲ. ರೊಟ್ಟಿಯ ಕೆಳಗೆ ಬೆರಳಾಡಿಸಿ ನೋಡಿದೆ, ಬೆಲ್ಲವೂ ಇರಲಿಲ್ಲ. ತಾಟು ತುಂಬಿತ್ತು. ಅವನು ಒಂದು ತುತ್ತೂ ಮುಟ್ಟಿರಲಿಲ್ಲ.